ಕಾಂಕ್ರೀಟ್ ಸುರಿಯುವ ಮುನ್ನ ಬೀಳಬೇಕಾದ ಸಹಿ

ಮಾನ್ಯ ಓದುಗರೇ,

ನಿಮ್ಮ ನಾಲ್ಕು ಪುಟಗಳ ಪತ್ರ ತಲುಪಿದೆ. ಹೆಸರನ್ನು ಪ್ರಕಟಿಸಬಾರದೆಂದು ಕೋರಿದ್ದೀರಿ. ಆದ್ದರಿಂದ ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತೇನೆ. ನಿಮ್ಮ ಮಗಳು ಪರಮಾಣು ವಿದ್ಯುತ್ ಸ್ಥಾವರವೊಂದರ ನಿರ್ಮಾಣ ಸ್ಥಳದಲ್ಲಿ ಗುಣಮಟ್ಟ ತಪಾಸಣೆಯ ಕೆಲಸಕ್ಕೆ ಸೇರಿದ್ದಾರೆ. ದಿನವೂ ಹತ್ತಾರು ಕಾಗದಗಳಿಗೆ ಸಹಿ ಹಾಕುವುದೇ ಅಲ್ಲಿನ ಕೆಲಸ ಎಂದು ಅವರು ಹೇಳಿದ ಮಾತು ನಿಮ್ಮನ್ನು ಚಿಂತೆಗೆ ಹಚ್ಚಿದೆ. ಇಂಧನವೇ ಬಾರದ ಕಟ್ಟಡಕ್ಕೆ ಇಷ್ಟೊಂದು ತಪಾಸಣೆ ಏಕೆ, ಕಟ್ಟುವವರಿಂದಲೇ ಸಂಬಳ ಪಡೆಯುವ ತಪಾಸಕರನ್ನು ನಂಬುವುದು ಹೇಗೆ, ಇಷ್ಟೆಲ್ಲ ಇದ್ದೂ ದೊಡ್ಡ ದೊಡ್ಡ ಸ್ಥಾವರಗಳಲ್ಲಿ ದೋಷಗಳು ಬಯಲಾಗುತ್ತಿರುವುದನ್ನು ತಪಾಸಣೆಯ ಸೋಲೆನ್ನಬೇಕೇ ಗೆಲುವೆನ್ನಬೇಕೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ‘ನನ್ನ ಮಗಳ ಸಹಿಗೆ ನಿಜವಾಗಿ ಬೆಲೆ ಇದೆಯೇ?’ ಎಂದೂ ಬರೆದಿದ್ದೀರಿ. ಆ ಒಂದು ಸಾಲಿಗಾಗಿಯೇ ಈ ಬಾರಿ ಉತ್ತರ ಸ್ವಲ್ಪ ದೀರ್ಘವಾಗಿದೆ.

ಮೊದಲ ಪ್ರಶ್ನೆಗೆ ಉತ್ತರ ಸರಳವಾಗಿದೆ. ಸ್ಥಾವರ ಚಾಲೂ ಆದ ಮೇಲೆ ಅದರ ಬಹುಪಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಮೀಟರಿಗೂ ಹೆಚ್ಚು ದಪ್ಪದ ಗೋಡೆಯೊಳಗೆ ಕಂಬಿಗಳು ಹೇಗಿವೆಯೆಂದು ಒಡೆದು ನೋಡಲಾಗದು. ರಿಯಾಕ್ಟರಿನ ಸುತ್ತಲಿನ ಕೊಳವೆಗಳ ಬಳಿಗೆ ವಿಕಿರಣದಿಂದಾಗಿ ಬೇಕೆಂದಾಗ ಹೋಗಲಾಗದು. ಒಂದು ಬೆಸುಗೆಯನ್ನು ಕೈಯಿಂದ ಮುಟ್ಟಿ, ದೀಪ ಹಿಡಿದು ನೋಡಬಹುದಾದ ಕಾಲ ನಿರ್ಮಾಣದ ಕಾಲ ಮಾತ್ರ. ನಲವತ್ತು, ಅರವತ್ತು ವರ್ಷ ಬಾಳಬೇಕಾದ ವಸ್ತುವನ್ನು ಕೆಲವೇ ಗಂಟೆಗಳಲ್ಲಿ ನೋಡಿ ಮುಗಿಸಬೇಕಾದ ಸಂದರ್ಭಗಳೂ ಇವೆ. ಕಾಂಕ್ರೀಟ್ ಸುರಿಯುವ ಹಿಂದಿನ ರಾತ್ರಿ ಅಂಥದ್ದು.

ಆ ರಾತ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಶಟರಿಂಗ್ ನಿಂತಿದೆ, ಕಂಬಿ ಕಟ್ಟಿಯಾಗಿದೆ. ಮನೆ ಕಟ್ಟಿಸಿದವರು ಕಂಡಿರುವ ಕಂಬಿಗೂ ಇದಕ್ಕೂ ಹೋಲಿಕೆಯಿಲ್ಲ. ಇಲ್ಲಿ ಕೆಲವೆಡೆ ಎರಡು ಸರಳುಗಳ ನಡುವೆ ಮುಷ್ಟಿ ತೂರಿಸುವುದೂ ಕಷ್ಟ. ಅದರ ನಡುವೆಯೇ ಕೊಳವೆಗಳು ಹಾದುಹೋಗಲು ಇಟ್ಟ ಟೊಳ್ಳು ಕವಚಗಳು (ಸ್ಲೀವ್), ಮುಂದೆ ಯಂತ್ರಗಳನ್ನು ಬೆಸೆಯಲು ಹುದುಗಿಸಿಟ್ಟ ಉಕ್ಕಿನ ಫಲಕಗಳು. ತಪಾಸಕರು ಟಾರ್ಚ್ ಹಿಡಿದು ಒಳಗೆ ನುಸುಳಿ, ಸರಳಿನ ವ್ಯಾಸ, ಅಂತರ, ಜೋಡಣೆಯ ಉದ್ದ, ಶಟರಿಂಗಿಗೂ ಕಂಬಿಗೂ ನಡುವೆ ಜಾಗ ಬಿಡಿಸುವ ಕವರ್ ಬ್ಲಾಕ್ ಇದೆಯೇ ಎಂಬುದನ್ನೆಲ್ಲ ನಕ್ಷೆಯೊಂದಿಗೆ ತಾಳೆ ನೋಡುತ್ತಾರೆ. ತಳದಲ್ಲಿ ಬಿದ್ದಿರುವ ಬೈಂಡಿಂಗ್ ವೈರಿನ ತುಂಡು, ಮರದ ಪುಡಿ ತೆಗೆಸುತ್ತಾರೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ವಿಭಾಗದವರೆಲ್ಲ ಒಂದೇ ಕಾರ್ಡಿಗೆ ಸಹಿ ಹಾಕಿದ ಮೇಲಷ್ಟೇ ಮೊದಲ ಲಾರಿಗೆ ಅನುಮತಿ. ಲಾರಿ ಬಂದಾಗ ಕಾಂಕ್ರೀಟಿನ ಉಷ್ಣತೆಯನ್ನೂ ಸ್ಲಂಪನ್ನೂ (ಅದು ಎಷ್ಟು ತೆಳು, ಎಷ್ಟು ಗಟ್ಟಿ ಎಂಬುದರ ಅಳತೆ) ಅಳೆದು, ಪರೀಕ್ಷೆಗಾಗಿ ಕ್ಯೂಬುಗಳನ್ನು ಎರಕ ಹೊಯ್ದು ಇಡುತ್ತಾರೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಆ ಕ್ಯೂಬುಗಳನ್ನು 7ನೇ ದಿನವೂ 28ನೇ ದಿನವೂ ಒಡೆದು ಬಲ ಅಳೆಯುವುದು ವಾಡಿಕೆ. 28ನೇ ದಿನದ ಫಲಿತಾಂಶ ಕೈಸೇರುವ ಹೊತ್ತಿಗೆ ಅದರ ಮೇಲೆ ಇನ್ನೊಂದು ಹಂತದ ಗೋಡೆ ಎದ್ದಿರುತ್ತದೆ. ಅಲ್ಲದೆ ಕ್ಯೂಬು ಹೇಳುವುದು ಲಾರಿಯಲ್ಲಿದ್ದ ಕಾಂಕ್ರೀಟಿನ ಗುಣವನ್ನು. ಒತ್ತೊತ್ತಾದ ಕಂಬಿಯ ಹಿಂದೆ, ಕಾಂಕ್ರೀಟನ್ನು ನಡುಗಿಸಿ ಅಡಕಗೊಳಿಸುವ ವೈಬ್ರೇಟರ್ ತಲುಪದೆ ಉಳಿದ ಪೊಳ್ಳನ್ನು ಅದು ಹೇಳಲಾರದು. ಕಾಂಕ್ರೀಟ್ ಸಲೀಸಾಗಿ ಹರಿಯಲೆಂದು ಯಾರೋ ಒಂದಿಷ್ಟು ನೀರು ಸೇರಿಸಿದರೆ ಅದನ್ನು ತಡೆಯಬೇಕಾದವರು ಅಲ್ಲೇ ನಿಂತಿರಬೇಕು. ಮರುದಿನ ಕಚೇರಿಯಲ್ಲಿ ಕುಳಿತು ತಡೆಯಲಾಗದು. ಅಮೆರಿಕದ ಇಂಡಿಯಾನಾ ರಾಜ್ಯದ ಮಾರ್ಬಲ್ ಹಿಲ್ ಎಂಬಲ್ಲಿ ಕಾಂಕ್ರೀಟಿನಲ್ಲಿ ಇಂಥ ಪೊಳ್ಳುಗಳು ಕಂಡುಬಂದು 1979ರಲ್ಲಿ ಕೆಲಸ ನಿಂತಿತು. ಅದು ಮತ್ತೆ ಆರಂಭವಾದರೂ, ವೆಚ್ಚ ಕೈಮೀರಿ, 1984ರಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ಫಿನ್ಲೆಂಡಿನ ಓಲ್ಕಿಲುಓಟೋ ಮೂರನೆಯ ಘಟಕದ ಕೆಲಸ 2005ರಲ್ಲಿ ಶುರುವಾದ ಕೆಲವೇ ತಿಂಗಳಲ್ಲಿ ಬುನಾದಿಯ ಕಾಂಕ್ರೀಟಿನ ಗುಣಮಟ್ಟದ ಬಗ್ಗೆ ಪ್ರಶ್ನೆಗಳೆದ್ದವು. ಅಲ್ಲಿನ ನಿಯಂತ್ರಣ ಸಂಸ್ಥೆ ತನಿಖೆ ನಡೆಸಿ 2006ರಲ್ಲಿ ವರದಿಯನ್ನು ಬಹಿರಂಗವಾಗಿಯೇ ಪ್ರಕಟಿಸಿತು. 2009ಕ್ಕೆ ಮುಗಿಯಬೇಕಿದ್ದ ಆ ಘಟಕ ನಿಯಮಿತವಾಗಿ ವಿದ್ಯುತ್ ಕೊಡತೊಡಗಿದ್ದು 2023ರಲ್ಲಿ. ವಿಳಂಬಕ್ಕೆ ಬೇರೆ ಕಾರಣಗಳೂ ಇದ್ದವು. ಬುನಾದಿಯ ವಿಷಯ ಅದರ ಮೊದಲ ಅಧ್ಯಾಯವಷ್ಟೇ.

ಬೆಸುಗೆಯ ಕಥೆ ಇನ್ನೂ ಸೂಕ್ಷ್ಮ. ಮುಖ್ಯ ಕೊಳವೆಗಳ ಬೆಸುಗೆಯನ್ನು ಯಾವ ವೆಲ್ಡರ್ ಬೇಕಾದರೂ ಮಾಡುವಂತಿಲ್ಲ. ಆಯಾ ಲೋಹಕ್ಕೆ, ದಪ್ಪಕ್ಕೆ, ಕೈಯ ಭಂಗಿಗೆ ಪ್ರತ್ಯೇಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಎಲೆಕ್ಟ್ರೋಡುಗಳಿಗೆ ತೇವ ತಗಲದಂತೆ ಒಲೆಯಲ್ಲಿ ಒಣಗಿಸಿ, ಎಣಿಸಿ ಕೊಡಬೇಕು. ಬೆಸುಗೆ ಮುಗಿದ ಮೇಲೆ, ಸಾಮಾನ್ಯವಾಗಿ ರಾತ್ರಿ ಹೊತ್ತು ಸುತ್ತಲಿನವರನ್ನು ದೂರ ಕಳುಹಿಸಿ, ಇರಿಡಿಯಂನಂಥ ವಿಕಿರಣ ಮೂಲವಿಟ್ಟು ಫಿಲ್ಮಿನ ಮೇಲೆ ಚಿತ್ರ ತೆಗೆಯುತ್ತಾರೆ. ಆ ಫಿಲ್ಮನ್ನು ಕತ್ತಲ ಕೋಣೆಯಲ್ಲಿ ಪ್ರಖರ ಬೆಳಕಿನ ಮುಂದೆ ಹಿಡಿದು ಓದುವುದು ವರ್ಷಗಳ ಅಭ್ಯಾಸ ಬೇಡುವ ವಿದ್ಯೆ. ಸಾಲಾಗಿ ಕಾಣುವ ಕಪ್ಪು ಚುಕ್ಕೆಗಳು ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು. ಅಂಚಿನುದ್ದಕ್ಕೂ ನೇರವಾಗಿ ಸಾಗುವ ಸಣ್ಣ ಕಪ್ಪು ಗೆರೆ ಲೋಹ ಬೆಸೆದುಕೊಳ್ಳದೆ ಉಳಿದುದರ ಗುರುತು ಇರಬಹುದು. ಬಿಳಿ ಚುಕ್ಕೆ ಬೆಸುಗೆಯ ಉಪಕರಣದ ತುದಿಯಿಂದ ಒಳಸೇರಿದ ಟಂಗ್‌ಸ್ಟನ್ ಲೋಹದ ಚೂರಿರಬಹುದು. ಬೆಸುಗೆಗೆ ಅಡ್ಡಲಾಗಿ ಇಟ್ಟ ಕೂದಲೆಳೆಯಂಥ ತಂತಿಗಳು ಫಿಲ್ಮಿನಲ್ಲಿ ಮೂಡಿವೆಯೇ ಎಂದು ಮೊದಲು ನೋಡಬೇಕು. ತಂತಿಯೇ ಕಾಣದ ಫಿಲ್ಮಿನಲ್ಲಿ ಬಿರುಕು ಕಾಣಲಿಲ್ಲ ಎನ್ನುವುದಕ್ಕೆ ಅರ್ಥವಿಲ್ಲ. ಬೆಸುಗೆಯ ಸಂಖ್ಯೆಯನ್ನು ಸೀಸದ ಅಂಕಿಗಳಿಂದ ಫಿಲ್ಮಿನಲ್ಲೇ ಮೂಡಿಸುವುದಕ್ಕೂ ಕಾರಣವಿದೆ: ಒಳ್ಳೆಯ ಬೆಸುಗೆಯ ಚಿತ್ರವನ್ನು ಕೆಟ್ಟ ಬೆಸುಗೆಯ ಹೆಸರಿನಲ್ಲಿ ಕಡತಕ್ಕೆ ಸೇರಿಸುವುದನ್ನು ಅದು ಕಷ್ಟವಾಗಿಸುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಗುತ್ತಿಗೆದಾರರ ತಪಾಸಕರು, ಅವರ ಮೇಲೆ ಸ್ಥಾವರದ ಮಾಲೀಕ ಸಂಸ್ಥೆಯ ಗುಣಮಟ್ಟ ವಿಭಾಗ, ಅದರ ಮೇಲೆ ಸರ್ಕಾರಿ ನಿಯಂತ್ರಣ ಸಂಸ್ಥೆ ಎಂಬ ಮೂರು ಪದರಗಳು ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಇವೆ. ಕೆಲವು ಹಂತಗಳಿಗೆ ಹೋಲ್ಡ್ ಪಾಯಿಂಟ್ ಎಂದು ಹೆಸರು. ಅಲ್ಲಿ ನಿಗದಿತ ವ್ಯಕ್ತಿ ಬಂದು ನೋಡಿ ಸಹಿ ಹಾಕುವವರೆಗೆ ಕೆಲಸ ಮುಂದೆ ಹೋಗುವಂತಿಲ್ಲ. ಸಂಬಳ ಕೊಡುವವರು ಯಾರು ಎಂಬ ನಿಮ್ಮ ಸಂದೇಹ ನ್ಯಾಯವಾದದ್ದೇ. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ ಎಂದು ನನ್ನ ಅಭಿಪ್ರಾಯ: ತಪಾಸಕರು ‘ನಿಲ್ಲಿಸಿ’ ಎಂದಾಗ ಕೆಲಸ ನಿಲ್ಲುತ್ತದೆಯೇ? ಅಮೆರಿಕದಲ್ಲಿ 1970ರಲ್ಲೇ 18 ಅಂಶಗಳ ಗುಣಮಟ್ಟ ನಿಯಮಾವಳಿ ಬಂತು. ಗುಣಮಟ್ಟ ನೋಡುವವರಿಗೆ ಸಾಕಷ್ಟು ಅಧಿಕಾರವಿರಬೇಕು, ಸುರಕ್ಷತೆಯ ಮಾತು ಬಂದಾಗ ಖರ್ಚು ಮತ್ತು ಗಡುವಿನ ಒತ್ತಡದಿಂದ ಅವರು ಸ್ವತಂತ್ರರಾಗಿರಬೇಕು ಎಂದು ಅದರ ಮೊದಲ ಅಂಶದಲ್ಲೇ ಬರೆದಿದೆ. ಹನ್ನೆರಡು ವರ್ಷಗಳ ತರುವಾಯ, ಅದೇ ನಿಯಮಾವಳಿಯಡಿ ಕಟ್ಟುತ್ತಿದ್ದ ಓಹಾಯೋ ರಾಜ್ಯದ ಜಿಮ್ಮರ್ ಸ್ಥಾವರದ ಸುರಕ್ಷತಾ ಕಾಮಗಾರಿಯನ್ನು ನಿಯಂತ್ರಣ ಆಯೋಗ ನಿಲ್ಲಿಸಬೇಕಾಯಿತು. ಗುಣಮಟ್ಟದ ದಾಖಲೆಗಳು ನಂಬಲರ್ಹವಾಗಿರಲಿಲ್ಲ. ತಪಾಸಕರು ಕೆಲಸದಲ್ಲಿದ್ದಾಗ ಅವರ ಮೇಲೆ ನೀರು ಸುರಿದು ಕಿರುಕುಳ ಕೊಟ್ಟ ಸಂಗತಿಯೂ ತನಿಖೆಯಲ್ಲಿ ಹೊರಬಂತು. ಬಹುತೇಕ ಮುಗಿದಿದೆ ಎನ್ನಲಾಗಿದ್ದ ಆ ಸ್ಥಾವರ ಕೊನೆಗೆ ಕಲ್ಲಿದ್ದಲಿನ ಸ್ಥಾವರವಾಯಿತು. ತೋಯ್ದ ಬಟ್ಟೆಯಲ್ಲಿ ನಿಂತು ತನ್ನ ಕರ್ತವ್ಯ ಮಾಡಬೇಕಾಗಿದ್ದ ಆ ತಪಾಸಕರನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಯಮ ಪುಸ್ತಕದಲ್ಲಿದ್ದ ಅಧಿಕಾರ ಅವರ ಕೈಗೆ ತಲುಪಿರಲಿಲ್ಲ. ಇಂಥ ಪ್ರಕರಣಗಳನ್ನು ಪರಿಶೀಲಿಸಿ 1984ರಲ್ಲಿ ಪ್ರಕಟವಾದ ಅಧ್ಯಯನ ವರದಿಯೊಂದು, ಮೂಲ ಕಾರಣವನ್ನು ವೆಲ್ಡರುಗಳಲ್ಲಿ ಹುಡುಕದೆ, ಅನುಭವವಿಲ್ಲದ ಆಡಳಿತ ವರ್ಗ ಇಡೀ ಕೆಲಸವನ್ನು ಹತೋಟಿಯಲ್ಲಿಡಲು ಸೋತದ್ದರಲ್ಲಿ ಗುರುತಿಸಿತು. ದೋಷಗಳನ್ನು ಗುರುತಿಸುವಲ್ಲಿ ನಿಯಂತ್ರಣ ಆಯೋಗವೂ ತಡಮಾಡಿತೆಂದು ಅದು ಹೇಳಿತು.

ದಾಖಲೆಯನ್ನೇ ತಿದ್ದಿದರೆ ಮೂರು ಪದರಗಳೂ ಏಕಕಾಲಕ್ಕೆ ಕುರುಡಾಗುತ್ತವೆ. ದಕ್ಷಿಣ ಕೊರಿಯಾದಲ್ಲಿ 2012ರಲ್ಲಿ ಬಿಡಿಭಾಗಗಳ ಗುಣಮಟ್ಟ ಪ್ರಮಾಣಪತ್ರಗಳೇ ನಕಲಿಯೆಂದು ತಿಳಿದು ಎರಡು ರಿಯಾಕ್ಟರುಗಳನ್ನು ನಿಲ್ಲಿಸಲಾಯಿತು. ಮರುವರ್ಷ ನಿಯಂತ್ರಣ ಕೇಬಲ್‌ಗಳ ಪರೀಕ್ಷಾ ವರದಿಗಳೂ ಸುಳ್ಳೆಂದು ಹೊರಬಿತ್ತು. ಅಪಘಾತದ ಬಿಸಿ, ಹಬೆ, ವಿಕಿರಣಗಳ ನಡುವೆಯೂ ಸಂಕೇತ ಸಾಗಿಸಬೇಕಾದ ತಂತಿಗಳು ಅವು. ಹೊರನೋಟಕ್ಕೆ ಒಳ್ಳೆಯ ಕೇಬಲ್ಲಿಗೂ ಕೆಟ್ಟ ಕೇಬಲ್ಲಿಗೂ ವ್ಯತ್ಯಾಸ ಕಾಣುವುದಿಲ್ಲ, ಪ್ರಮಾಣಪತ್ರವೊಂದೇ ಆಧಾರ. ಆದ್ದರಿಂದ ಕಾಗದವನ್ನು ಪಡೆದುಕೊಂಡರೆ ಸಾಲದು. ಪರೀಕ್ಷೆ ನಡೆದ ಪ್ರಯೋಗಾಲಯಕ್ಕೆ ಹೋಗಿ ಮೂಲ ದತ್ತಾಂಶವನ್ನೇ ಕೇಳುವ ತಪಾಸಣೆ ಬೇಕು.

ಇನ್ನೊಂದು ಮಿತಿಯನ್ನು ಮುಚ್ಚಿಡದೆ ಹೇಳಬೇಕು. ಸ್ಥಳದಲ್ಲಿರುವ ತಪಾಸಕರು ಕೆಲಸವನ್ನು ನಕ್ಷೆಯೊಂದಿಗೆ ಹೋಲಿಸುತ್ತಾರೆ. ನಕ್ಷೆಯೇ ತಪ್ಪಾಗಿದ್ದರೆ? ಕ್ಯಾಲಿಫೋರ್ನಿಯಾದ ಡಯಾಬ್ಲೋ ಕ್ಯಾನ್ಯನ್ ಸ್ಥಾವರದ ಎರಡು ಘಟಕಗಳು ಕನ್ನಡಿಯ ಬಿಂಬದಂತೆ ಒಂದಕ್ಕೊಂದು ಎಡಬಲ ಬದಲಾದವು. ಭೂಕಂಪದ ಲೆಕ್ಕಾಚಾರದಲ್ಲಿ ಒಂದು ಘಟಕದ ನಕ್ಷೆ ಇನ್ನೊಂದಕ್ಕೆ ಬಳಕೆಯಾಗಿ, ಕೊಳವೆ ಮತ್ತು ಉಪಕರಣಗಳನ್ನು ಹಿಡಿದಿಡುವ ಆಸರೆಗಳು ತಪ್ಪಾಗಿ ವಿನ್ಯಾಸಗೊಂಡಿದ್ದವು; ಇದು ಪತ್ತೆಯಾದದ್ದು 1981ರ ಸೆಪ್ಟೆಂಬರಿನಲ್ಲಿ, ಅನುಮತಿಪತ್ರ ಕೈಸೇರಿದ ಕೆಲವೇ ದಿನಗಳಲ್ಲಿ. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ಕೈಗಾ ಮೊದಲ ಘಟಕದ ರಿಯಾಕ್ಟರ್ ಕಟ್ಟಡದ ಒಳಗುಮ್ಮಟದ ತಳಭಾಗದ ಕಾಂಕ್ರೀಟ್ ಪದರವಾಗಿ ಕಳಚಿ ಬಿತ್ತು, ಕಾರ್ಮಿಕರು ಗಾಯಗೊಂಡರು. ಇಂಧನ ಇನ್ನೂ ಬಂದಿರದ ಕಾರಣ ವಿಕಿರಣದ ಮಾತಿರಲಿಲ್ಲ. ಬಾಗಿದ ಗುಮ್ಮಟದೊಳಗೆ ಬಿಗಿದೆಳೆದ ಉಕ್ಕಿನ ಕೇಬಲ್‌ಗಳು ಕಾಂಕ್ರೀಟನ್ನು ದಪ್ಪದ ದಿಕ್ಕಿನಲ್ಲಿ ಸೀಳುವಂತೆ ಎಳೆಯುತ್ತವೆ. ಈರುಳ್ಳಿಯ ಪದರ ಬಿಟ್ಟುಕೊಂಡಂತೆ ಅದು ಬಿಟ್ಟುಕೊಂಡಿತು. ಆ ಎಳೆತವನ್ನು ತಾಳುವಷ್ಟು ಅಡ್ಡಕಂಬಿ ಅಲ್ಲಿರಲಿಲ್ಲ. ಹೊಸ ವಿನ್ಯಾಸದಲ್ಲಿ ಗುಮ್ಮಟವನ್ನು ಮತ್ತೆ ಕಟ್ಟಿ, ಆ ಘಟಕ ಕಾರ್ಯಾರಂಭಿಸಿದ್ದು 2000ದಲ್ಲಿ. ಕಂಬಿಯನ್ನು ನಕ್ಷೆಯಂತೆ ಎಷ್ಟೇ ಶ್ರದ್ಧೆಯಿಂದ ಎಣಿಸಿದರೂ ಇಂಥ ಕೊರತೆ ಹೊರಬರುವುದಿಲ್ಲ. ವಿನ್ಯಾಸ ಮಾಡಿದವರ ಹೊರತಾದ ಬೇರೆ ತಂಡ, ಬೇರೆ ವಿಧಾನದಿಂದ ಲೆಕ್ಕವನ್ನು ಮರುಪರಿಶೀಲಿಸುವುದು ಕಂಬಿ ಎಣಿಸುವಷ್ಟೇ ಅಗತ್ಯವಾದ ತಪಾಸಣೆ.

ಸೋಲೋ ಗೆಲುವೋ ಎಂಬ ಮೂರನೆಯ ಪ್ರಶ್ನೆಗೆ ಫ್ರಾನ್ಸಿನ ಫ್ಲಾಮನ್‌ವಿಲ್ ಮೂರನೆಯ ಘಟಕ ಒಳ್ಳೆಯ ಉದಾಹರಣೆ. ಅದರ ರಿಯಾಕ್ಟರ್ ಪಾತ್ರೆಯ ಮುಚ್ಚಳ ಮತ್ತು ತಳದ ಉಕ್ಕಿನ ಕೆಲವು ಭಾಗಗಳಲ್ಲಿ ಇಂಗಾಲದ ಪ್ರಮಾಣ ಹೆಚ್ಚಿದೆಯೆಂದು 2015ರ ಏಪ್ರಿಲಿನಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಪ್ರಕಟಿಸಿತು. ಇಂಗಾಲ ಹೆಚ್ಚಿದಷ್ಟೂ ಉಕ್ಕು ಪೆಡಸಾಗುತ್ತದೆ. 0.22 ಪ್ರತಿಶತ ಇರಬೇಕಾದಲ್ಲಿ 0.30ರಷ್ಟಿತ್ತು, ಹೊಡೆತ ತಾಳುವ ಪರೀಕ್ಷೆಯಲ್ಲಿ 60 ಜೂಲ್ ನಿರೀಕ್ಷಿಸಿದ ಕಡೆ ಸರಾಸರಿ 52 ಬಂತು. ಆಘಾತಕಾರಿ ಸಂಗತಿಯೆಂದರೆ ಆ ಪಾತ್ರೆಯನ್ನು 2014ರ ಜನವರಿಯಲ್ಲೇ ಕಟ್ಟಡದೊಳಗೆ ಕೂರಿಸಿಯಾಗಿತ್ತು. ಅಂಥದೇ ಬೇರೆ ಮುಚ್ಚಳಗಳನ್ನು ಕತ್ತರಿಸಿ ಪರೀಕ್ಷಿಸಿ, ಪಾತ್ರೆಯನ್ನು ಬಳಸಬಹುದು, ಮುಚ್ಚಳವನ್ನು ಮುಂದೆ ಬದಲಿಸಬೇಕು ಎಂಬ ತೀರ್ಮಾನಕ್ಕೆ ಬರಲಾಯಿತು. ಇದರ ಬೆನ್ನುಹತ್ತಿ ಹೋದಾಗಲೇ ಆ ಭಾಗಗಳನ್ನು ತಯಾರಿಸಿದ ಲ ಕ್ರುಜೋ ಕಾರ್ಖಾನೆಯ ಹಳೆಯ ತಯಾರಿಕಾ ಕಡತಗಳಲ್ಲಿನ ಅಕ್ರಮಗಳೂ ಬೆಳಕಿಗೆ ಬಂದವು. ದೋಷ ಸಿಕ್ಕಿದ್ದು ಗೆಲುವು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಅದು ಕುಲುಮೆಯ ಬಳಿಯೇ ಸಿಗಬೇಕಿತ್ತು. ಬರೀ ಸೋಲು ಎನ್ನುವುದೂ ಸರಿಯಲ್ಲ, ಏಕೆಂದರೆ ಪಾತ್ರೆ ಕೂರಿಸಿಯಾದ ಮೇಲೂ, ಅಷ್ಟು ಖರ್ಚಾದ ಮೇಲೂ, ‘ಇನ್ನೊಮ್ಮೆ ಪರೀಕ್ಷಿಸಿ’ ಎನ್ನಲು ಯಾರೂ ಹಿಂಜರಿಯಲಿಲ್ಲ. ನನಗೆ ನಿಜವಾದ ಭಯ ಹುಟ್ಟಿಸುವುದು ವರ್ಷಗಟ್ಟಲೆ ಒಂದೂ ದೋಷ ದಾಖಲಾಗದ ನಿರ್ಮಾಣ ಸ್ಥಳ. ಸಾವಿರಾರು ಬೆಸುಗೆ, ಲಕ್ಷಾಂತರ ಘನ ಮೀಟರ್ ಕಾಂಕ್ರೀಟ್ ಇರುವಲ್ಲಿ ತಪ್ಪೇ ಆಗಲಿಲ್ಲವೆಂದರೆ ತಪ್ಪನ್ನು ಬರೆಯಲು ಯಾರಿಗೋ ಅಂಜಿಕೆಯಿದೆ ಎಂದೇ ನಾನು ತಿಳಿಯುತ್ತೇನೆ.

ಇನ್ನು ನಿಮ್ಮ ಮಗಳ ವಿಷಯ. ಅವರ ಸಹಿಗೆ ಬೆಲೆ ಖಂಡಿತ ಇದೆ, ಅದು ಕಣ್ಣಾರೆ ಕಂಡದ್ದರ ಕೆಳಗೆ ಬಿದ್ದಿದ್ದರೆ. ತಾವು ಹೋಗಿ ನೋಡದ ಕಂಬಿಗೆ, ತಾವು ಓದದ ಫಿಲ್ಮಿಗೆ, ಎಷ್ಟೇ ಹಿರಿಯರು ಕೇಳಿದರೂ, ಲಾರಿಗಳು ಸಾಲುಗಟ್ಟಿ ನಿಂತಿದ್ದರೂ ಸಹಿ ಹಾಕಬಾರದೆಂದು ತಂದೆಯಾಗಿ ನೀವು ಹೇಳಿ. ಅಂಥ ದಿನ ಮನೆಯವರ ಬೆಂಬಲ ಅವರಿಗೆ ಬೇಕಾಗುತ್ತದೆ. ನ್ಯೂನತೆ ಕಂಡರೆ ಬಾಯಿಮಾತಿನಲ್ಲಿ ಮುಗಿಸದೆ ಅದಕ್ಕೆಂದೇ ಇರುವ ನಮೂನೆಯಲ್ಲಿ ಬರೆದು ಸಂಖ್ಯೆ ಪಡೆಯಲಿ. ಸಂಖ್ಯೆ ಬಿದ್ದ ದೋಷವನ್ನು ಉತ್ತರವಿಲ್ಲದೆ ಮುಚ್ಚುವುದು ಸುಲಭವಲ್ಲ. ಒಂದು ಸಣ್ಣ ದಿನಚರಿಯನ್ನೂ ಇಟ್ಟುಕೊಳ್ಳಲಿ. ಮತ್ತು ಸಹಿಯ ಪಕ್ಕದಲ್ಲಿ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆಯುವ ಅಭ್ಯಾಸ ಮಾಡಿಕೊಳ್ಳಲಿ. ಅವರು ನೋಡಿ ಬಂದದ್ದು ಕಾಂಕ್ರೀಟ್ ಸುರಿಯುವ ಮುನ್ನವೋ ಆಮೇಲೋ ಎಂದು ಮೂವತ್ತು ವರ್ಷಗಳ ನಂತರ ಆ ಕಡತ ತೆರೆಯುವವರಿಗೆ ತಿಳಿಯುವುದು ಅದರಿಂದಲೇ.

ಸಂಪಾದಕ