ಕಂಪ್ಯೂಟರ್ ಕೇಳ್ರಿ: ಎಡಿಟಿಂಗಿಗೂ ಬೇಕು, ಗೇಮಿಗೂ ಬೇಕು, ಕೈಯಾಗ 75 ಸಾವಿರ

ಪ್ರಶ್ನೆ: ಸರ್ ನಮಸ್ಕಾರ್ರಿ. ನಾ ಗದಗದಾಂವ, ಬಿಕಾಂ ಮುಗಿಸಿ ನಮ್ಮ ಮಾವನ ಸ್ಟುಡಿಯೋದಾಗ ಮದುವಿ, ಜಾತ್ರಿ ವಿಡಿಯೋ ಎಡಿಟ್ ಮಾಡ್ತೀನಿ. ಎಲ್ಲಾ ಪ್ರೀಮಿಯರ್ ಪ್ರೊದಾಗ. ಕ್ಯಾಮೆರಾ ಫುಟೇಜ್ ಎಚ್.265, 10 ಬಿಟ್ ಅಂತಾರ ಮಾವ, ಒಂದಿಷ್ಟು ಫೋನಿನ್ಯಾಗ ಹೊಡದದ್ದೂ ಇರ್ತೈತಿ. ಈಗಿನ ಲ್ಯಾಪ್‌ಟಾಪಿನ್ಯಾಗ ಟೈಮ್‌ಲೈನ್ ಜಗ್ಗಿದ್ರ ಸಾಕು, ನಿಂತಬಿಡ್ತೈತಿ. ರಾತ್ರಿ ಗೆಳ್ಯಾರ ಜೋಡಿ ವ್ಯಾಲೊರಂಟ್, ಜಿಟಿಎ 5 ಆಡ್ತೀವಿ. ಮಾನಿಟರ್ ಬಿಟ್ಟು 75 ಸಾವಿರ ಐತಿ. ಅಂಗಡಿಯವ್ರು ರೈಜನ್ 5 5600 ಅಂತಾರ, ನಮ್ಮ ಗೆಳ್ಯಾ ಐ5-12400ಎಫ್ ಅಂತಾನ. ಯಾವುದು ತಗೊಳ್ಳಿ?

ಉತ್ತರ: ತಮ್ಮಾ, ಎರಡೂ ಛಲೋ ಪ್ರೊಸೆಸರ್ರ, ಎರಡಕ್ಕೂ 6 ಕೋರ್ 12 ಥ್ರೆಡ್, ಎರಡೂ 2022ರಾಗ ಬಂದಾವು. ಬರೇ ಗೇಮ್ ಆಡಾಂವ ಇದ್ರ ಯಾವುದು ಕಡಿಮಿಗೆ ಸಿಗ್ತೈತೋ ಅದನ್ನ ತಗೋರಿ ಅಂತ ಹೇಳಿ ಮುಗಸ್ತಿದ್ದೆ. ಆದ್ರ ನಿಮ್ಮ ಹೊಟ್ಟಿ ತುಂಬೂದು ಎಡಿಟಿಂಗಿನಿಂದ, ಮತ್ತ ನಿಮ್ಮ ಲ್ಯಾಪ್‌ಟಾಪ್ ನಿಲ್ಲೂದು ಫುಟೇಜಿನ ಸಲುವಾಗಿ, ಹಿಂಗಾಗಿ ಪಾರ್ಟ್ ಆರಿಸೂಕಿಂತ ಮೊದಲ ಫುಟೇಜ್ ಯಾವ ನಮೂನಿದು ಅಂತ ನೋಡ್ರಿ.

ಎಚ್.265 ಅಂದ್ರ ವಿಡಿಯೋ ಒತ್ತಿ ಸಣ್ಣದು ಮಾಡೂ ಒಂದು ನಮೂನಿ, ಆ ಫೈಲಿನ್ಯಾಗ ಎಲ್ಲಾ ಫ್ರೇಮೂ ಪೂರ್ತಿ ಇರಂಗಿಲ್ಲ, ಅಲ್ಲೊಂದು ಇಲ್ಲೊಂದು ಪೂರ್ತಿ ಫ್ರೇಮ್, ನಡುವಿನ ಉಳಿದವು ಬರೇ ಹಿಂದ ಮುಂದಿನ ಫ್ರೇಮಿಗೂ ತಮಗೂ ಏನ ಫರಕ್ ಅದನ್ನಷ್ಟ ಇಟಗೊಂಡಿರ್ತಾವು, ಅದಕ್ಕ ಫೈಲ್ ಸಣ್ಣದಿರ್ತೈತಿ. ನೀವು ಟೈಮ್‌ಲೈನ್ ಮ್ಯಾಲ ಎಲ್ಲೋ ನಡುವ ಕ್ಲಿಕ್ ಮಾಡಿದ್ರ ಆ ಒಂದ ಫ್ರೇಮ್ ತೋರಸಾಕ ಕಂಪ್ಯೂಟರ್ ಅದರ ಸುತ್ತಲಿನ ಎಷ್ಟೋ ಫ್ರೇಮ್ ಬಿಚ್ಚಬೇಕಾಗ್ತೈತಿ. ಇದನ್ನ ಪ್ರೊಸೆಸರಿನ ಕೋರ್‌ಗಳ ಕೈಲೆ ಮಾಡಿಸಿದ್ರ ಭಾಳ ಭಾರ. ಅದಕ್ಕಂತನ ಚಿಪ್ಪಿನ್ಯಾಗ ಬ್ಯಾರೆ ಒಂದು ಭಾಗ ಇರ್ತೈತಿ. ಇಂಟೆಲ್‌ದಾಗ ಅದಕ್ಕ ಕ್ವಿಕ್ ಸಿಂಕ್ ಅಂತಾರ, ಅದು ಕೂತಿರೂದು ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನ್ಯಾಗ. ಎನ್‌ವಿಡಿಯಾ ಕಾರ್ಡಿನ್ಯಾಗೂ ಅಂಥದ್ದ ಒಂದು ಐತಿ.

ಈಗ ಮುಖ್ಯ ಮಾತು. ಮದುವಿ ಶೂಟ್ ಮಾಡೂ ಭಾಳಷ್ಟು ಹೊಸಾ ಮಿರರ್‌ಲೆಸ್ ಕ್ಯಾಮೆರಾ 10 ಬಿಟ್ 4:2:2 ಅನ್ನೂ ನಮೂನಿಯೊಳಗ ರೆಕಾರ್ಡ್ ಮಾಡ್ತಾವು, ಅಂದ್ರ ಬಣ್ಣದ ಮಾಹಿತಿ ಜಾಸ್ತಿ ಇರ್ತೈತಿ. ಎಚ್.265ನ್ಯಾಗ ಈ 4:2:2 ಬಿಚ್ಚೂ ಶಕ್ತಿ ಎನ್‌ವಿಡಿಯಾದ 30 ಸೀರೀಸ್, 40 ಸೀರೀಸ್ ಕಾರ್ಡಿಗೆ ಇಲ್ಲ, 2025ರಾಗ ಬಂದ 50 ಸೀರೀಸಿಗೆ ಐತಿ. ಇಂಟೆಲ್‌ದಾಗ 11ನೇ ಜನರೇಶನ್‌ದಿಂದನ ಐತಿ. ನಿಮ್ಮ ಗೆಳ್ಯಾ ಹೇಳಿದ 12400ಎಫ್ ಐತಲ್ಲ, ಕಡೀಕ ಎಫ್ ಇದ್ದ ಪ್ರೊಸೆಸರಿನ್ಯಾಗ ಒಳಗಿನ ಗ್ರಾಫಿಕ್ಸ್ ಇರಂಗಿಲ್ಲ, ಅದು ಇಲ್ಲಂದ್ರ ಕ್ವಿಕ್ ಸಿಂಕೂ ಇಲ್ಲ. ರೈಜನ್ 5 5600ದಾಗೂ ಒಳಗಿನ ಗ್ರಾಫಿಕ್ಸ್ ಇಲ್ಲ. ಸ್ವಲ್ಪ ರೊಕ್ಕ ಉಳಸಾಕ ಹೋಗಿ ನಿಮ್ಮ ದಿನಾ ಕೆಲಸಕ್ಕ ಬೇಕಾದ ಭಾಗಾನ ಬಿಟ್ಟಂಗಾಗ್ತೈತಿ. ಎಫ್ ಇಲ್ಲದ ಬರೇ ಐ5-12400 ತಗೋರಿ, ಅಂಗಡಿಯವ್ರು ಗೇಮಿಂಗಿಗೆ ಎರಡೂ ಒಂದ ಅಂತ ಹೇಳ್ತಾರ, ಗೇಮಿಗೆ ಅದು ಖರೇನ, ನಿಮಗ ಅಲ್ಲ.

ನಿಮ್ಮ ಫೈಲ್ 4:2:2 ಹೌದೋ ಅಲ್ಲೋ ನೋಡಾಕ ಮೀಡಿಯಾಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಐತಿ, ಫೈಲ್ ಅದರಾಗ ಹಾಕಿದ್ರ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ಅನ್ನೂ ಸಾಲಿನ್ಯಾಗ ತೋರಸ್ತೈತಿ. ಫೋನಿನವು ಸಾಮಾನ್ಯವಾಗಿ 4:2:0 ಇರ್ತಾವು, ಅಂದ್ರ ಬಣ್ಣದ ಮಾಹಿತಿ 4:2:2ಕ್ಕಿಂತ ಕಡಿಮಿ. ಕ್ಯಾಮೆರಾದವೂ 4:2:0 ಬಂದ್ರ ರೈಜನ್ ಹಾಕಿದ್ರೂ ನಡೀತೈತಿ, ಆವಾಗ ಗ್ರಾಫಿಕ್ಸ್ ಕಾರ್ಡ ಬಿಚ್ಚೂ ಕೆಲಸ ಮಾಡ್ತೈತಿ.

ಕಾರ್ಡ್ ಆರ್‌ಟಿಎಕ್ಸ್ 3060, ಆದ್ರ 12 ಜಿಬಿ ಅಂತ ಬಾಕ್ಸಿನ ಮ್ಯಾಲ ಬರದಿದ್ದ ನೋಡಿ ತಗೋರಿ, ಅದ ಹೆಸರಿನ್ಯಾಗ 8 ಜಿಬಿದೂ ಬಂದೈತಿ. ಕಾರ್ಡ್ ಹಳೇದು, 2021ರದ್ದು, ಗೇಮಿನ್ಯಾಗ ಹೊಸಾ 5060 ಇದಕ್ಕಿಂತ ಜೋರೈತಿ ಖರೆ, ಆದ್ರ ಅದಕ್ಕ ಮೆಮೊರಿ 8 ಜಿಬಿ, ಮತ್ತ 4ಕೆ ಟೈಮ್‌ಲೈನ್ ಮ್ಯಾಲ ಕಲರ್, ನಾಯ್ಸ್ ರಿಡಕ್ಷನ್ ಹಾಕಿದ್ರ ಮೆಮೊರಿ ಲಗೂ ತುಂಬ್ತೈತಿ. ನೀವು ಆಡೂ ವ್ಯಾಲೊರಂಟ್, ಜಿಟಿಎ 5 ಎರಡಕ್ಕೂ 3060 ಭರ್ತಿ ಸಾಕು. ಹೊಸಾ 3060 ಸಿಗಲಿಲ್ಲಂದ್ರ ಆವಾಗ 5060ಕ್ಕ ಹೋಗ್ರಿ.

ರ್‍ಯಾಮ್ ರೇಟು 2025ರ ಕಡೀಕಿನಿಂದ ಸಿಕ್ಕಾಪಟ್ಟಿ ಏರೇತಿ, ಎಐ ಸರ್ವರ್‌ಗಳಿಗೆ ಮೆಮೊರಿ ಹೊಂಟೈತಿ, ನಮ್ಮಂಥವ್ರಿಗೆ ಉಳಿಯೂದು ಕಡಿಮಿ. ಅದಕ್ಕ ಡಿಡಿಆರ್4, ಅಂದ್ರ ಹಿಂದಿನ ನಮೂನಿ ಮೆಮೊರಿ ಕೂಡೂ ಬೋರ್ಡ್ ತಗೊಳ್ರಿ, 12400 ಡಿಡಿಆರ್4, ಡಿಡಿಆರ್5 ಎರಡರ ಬೋರ್ಡಿಗೂ ಕೂಡ್ತೈತಿ. ಈಗ 8 ಜಿಬಿದು ಎರಡು ಸ್ಟಿಕ್ ಹಾಕ್ರಿ, 16ರದ್ದು ಒಂದ ಬ್ಯಾಡ, ಎರಡಿದ್ರ ಡ್ಯುಯಲ್ ಚಾನೆಲ್ ಆಗ್ತೈತಿ, ಅಂದ್ರ ಎರಡೂ ಕೂಡಿ ಕೆಲಸ ಮಾಡಿ ಸ್ಪೀಡ್ ಜಾಸ್ತಿ ಸಿಗ್ತೈತಿ. ಬೋರ್ಡಿಗೆ ನಾಕು ಸ್ಲಾಟ್ ಇರ್ಲಿ, ಬಿ760 ಚಿಪ್‌ಸೆಟ್ಟಿನ ಬೋರ್ಡಿನ್ಯಾಗ ನೋಡ್ರಿ, ರೇಟು ಇಳದಾಗ ಇನ್ನೆರಡು ಹಾಕಿ 32 ಮಾಡ್ಕೊಬಹುದು. ಕಡಿಮಿ ರೇಟಿನ ಎಚ್610 ಬೋರ್ಡಿಗೆ ಸಾಮಾನ್ಯವಾಗಿ ಎರಡ ಸ್ಲಾಟ್.

ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ. 100 ಎಂಬಿಪಿಎಸ್‌ನ್ಯಾಗ ರೆಕಾರ್ಡ್ ಆದ ಫುಟೇಜ್ ಒಂದು ತಾಸಿಗೆ 45 ಜಿಬಿ ಆಗ್ತೈತಿ, ಒಂದು ಮದುವಿಗೆ ಎರಡು ಕ್ಯಾಮೆರಾ ಅಂದ್ರ ಲೆಕ್ಕಾ ನೀವ ಹಾಕ್ರಿ. ನಡದಿರೂ ಕೆಲಸ ಎಸ್‌ಎಸ್‌ಡಿಯಾಗ, ಮುಗದದ್ದು ಹಳೇ ಹಾರ್ಡ್ ಡಿಸ್ಕಿನ್ಯಾಗ. ಪವರ್ ಸಪ್ಲೈ ಮಾತ್ರ ಕ್ಯಾಬಿನೆಟ್ ಜೋಡಿ ಪುಕ್ಕಟ ಬರೂದು ಬ್ಯಾಡಂದ್ರ ಬ್ಯಾಡ, ಹೆಸರಿದ್ದ ಕಂಪನಿದು 550 ವ್ಯಾಟ್, 80 ಪ್ಲಸ್ ಬ್ರಾಂಜ್. ರೊಕ್ಕ ಸಾಲಲಿಲ್ಲಂದ್ರ ಬಣ್ಣದ ಲೈಟಿನ ಫ್ಯಾನ್ ತಗಿಸ್ರಿ, ಸಪ್ಲೈಗೆ ಕೈ ಹಚ್ಚಬ್ಯಾಡ್ರಿ.

ಜೋಡಿಸಿದ ಮ್ಯಾಲ ಬಯೋಸಿನ್ಯಾಗ, ಅಂದ್ರ ವಿಂಡೋಸ್ ಚಾಲೂ ಆಗೂಕಿಂತ ಮೊದಲ ತಗಿಯೂ ಬೋರ್ಡಿನ ಸೆಟ್ಟಿಂಗಿನ್ಯಾಗ, ಎರಡು ಕೆಲಸ. ರ್‍ಯಾಮಿಗೆ ಎಕ್ಸ್‌ಎಂಪಿ ಅನ್ನೂ ಸ್ಪೀಡ್ ಸೆಟ್ಟಿಂಗ್ ಆನ್ ಮಾಡ್ರಿ, ಇಲ್ಲಂದ್ರ 3200ರದ್ದು ಕಡಿಮಿ ಸ್ಪೀಡಿನ್ಯಾಗ ಓಡ್ತೈತಿ. ಕಾರ್ಡ್ ಹಾಕಿದ ಕೂಡ್ಲೆ ಕೆಲವು ಬೋರ್ಡ್ ಒಳಗಿನ ಗ್ರಾಫಿಕ್ಸನ್ನ ಬಂದ್ ಮಾಡ್ತಾವು, ಅದನ್ನ ಮತ್ತ ಚಾಲೂ ಮಾಡ್ರಿ, ಇಲ್ಲಂದ್ರ ಎಫ್ ಇಲ್ಲದ್ದು ತಗೊಂಡದ್ದು ದಂಡ. ಮಾನಿಟರ್ ಕೇಬಲ್ ಮಾತ್ರ ಕಾರ್ಡಿಗೆನ ಚುಚ್ಚಬೇಕು.

ಮತ್ತ ಪಿಸಿ ಬರೂತನಕ ಲ್ಯಾಪ್‌ಟಾಪಿನ್ಯಾಗ ಪ್ರಾಕ್ಸಿ ಮಾಡ್ಕೊಂಡು ಎಡಿಟ್ ಮಾಡ್ರಿ, ಪ್ರೀಮಿಯರ್ ಸಣ್ಣ ಕಾಪಿ ಮಾಡ್ಕೊಂಡು ಅದರ ಮ್ಯಾಲ ಕೆಲಸ ಮಾಡಸ್ತೈತಿ, ಎಕ್ಸ್‌ಪೋರ್ಟ್ ಆಗೂ ಮುಂದ ಅಸಲಿ ಫೈಲ್ ತಗೋತೈತಿ. ರೊಕ್ಕ ಏನೂ ಹತ್ತಂಗಿಲ್ಲ.

ಪ್ರಶ್ನೆ: ಹಾವೇರ್ಯಾಗ ಒಬ್ಬರು ಸೆಕೆಂಡ್ ಹ್ಯಾಂಡ್ ಐ7, 16 ಜಿಬಿ ರ್‍ಯಾಮಿನ ಪಿಸಿ 15 ಸಾವಿರಕ್ಕ ಕೊಡ್ತೀನಿ ಅಂತಾರ್ರಿ. ಮಗಗ ವ್ಯಾಲೊರಂಟ್ ಆಡಾಕ, ಯೂಟ್ಯೂಬ್ ವಿಡಿಯೋ ಮಾಡಾಕ ಬೇಕಂತ. ತಗೊಳ್ಳೇನ್ರಿ?

ಉತ್ತರ: ಅಕ್ಕಾರ, ಐ7 ಅನ್ನೂದನ್ನ ನೋಡಬ್ಯಾಡ್ರಿ, ಅದರ ಮುಂದಿನ ನಂಬರ್ ಕೇಳ್ರಿ. ಐ7-4770 ಅಂದ್ರ ಅದು 4ನೇ ಜನರೇಶನ್, 2013ರದ್ದು, 4 ಕೋರ್. ಮ್ಯಾಲೆ ಹೇಳಿದ ಐ5-12400 ಅದಕ್ಕಿಂತ ಭಾಳ ಮುಂದ ಐತಿ. ವಿಂಡೋಸ್ 11ಕ್ಕ ಇಂಟೆಲ್ 8ನೇ ಜನರೇಶನ್ ಮ್ಯಾಲಿಂದು ಬೇಕಂತ ಮೈಕ್ರೋಸಾಫ್ಟ್ ಲಿಸ್ಟ್ ಹೇಳ್ತೈತಿ, ವಿಂಡೋಸ್ 10ರ ಸಪೋರ್ಟ್ 14 ಅಕ್ಟೋಬರ್ 2025ಕ್ಕ ಮುಗದೈತಿ. ವ್ಯಾಲೊರಂಟ್ ವಿಂಡೋಸ್ 11ರಾಗ ಓಡಬೇಕಂದ್ರ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೂ ಬೋರ್ಡಿನ ಭದ್ರತಾ ಸೌಲಭ್ಯ ಎರಡೂ ಬೇಕು. 4ನೇ ಜನರೇಶನ್ ಇದ್ರ ಬ್ಯಾಡ್ರಿ. 8, 9, 10 ಇದ್ರ ನಿಮ್ಮ ಮಗನ್ನ ಕರಕೊಂಡು ಹೋಗಿ ಅಲ್ಲೇ ಒಂದು ತಾಸು ಗೇಮ್ ಆಡಿಸಿ ನೋಡಿ ತಗೊಳ್ರಿ. ಆಫೀಸಿನಿಂದ ಬಂದ ಸಣ್ಣ ಡಬ್ಬಿಯಂಥ ಪಿಸಿ ಆದ್ರ ಮುಂದ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಾಕ ಜಾಗಾನೂ ಇರಂಗಿಲ್ಲ, ಪವರೂ ಸಾಲಂಗಿಲ್ಲ.

ಪ್ರಶ್ನೆ: ಧಾರವಾಡದಾಗ ಬಾಡಿಗಿ ಮನ್ಯಾಗ ಅದೀನಿ ಸರ್. ಕರೆಂಟ್ ಹೋದ್ರ ಇನ್ವರ್ಟರ್ ಐತಿ, ಆದ್ರೂ ಪಿಸಿ ಆಫ್ ಆಗಿ ಆನ್ ಆಗ್ತೈತಿ. ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂತೈತಿ. ಪಿಸಿ ಕೆಟ್ಟೈತೇನ್ರಿ?

ಉತ್ತರ: ಪಿಸಿ ಕೆಟ್ಟಿರಾಕಿಲ್ಲ, ಗಾಬರಿ ಆಗಬ್ಯಾಡ್ರಿ. ಇನ್ವರ್ಟರ್ ಮ್ಯಾಲ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರ್ತೈತೇನು ನೋಡ್ರಿ, ಅದನ್ನ ಹಾಕಿದ್ರ ಕರೆಂಟ್ ಹೋದ ಕೂಡ್ಲೆ ಲಗೂ ಬದಲಿ ಆಗ್ತೈತಿ. ಅಷ್ಟಕ್ಕೂ ನಿಲ್ಲಲಿಲ್ಲಂದ್ರ ಪಿಸಿಗೆ ಬ್ಯಾರೆ ಯುಪಿಎಸ್ ಹಾಕ್ರಿ, ತಗೊಳ್ಳೂ ಮುಂದ ವಿಎ ಅಲ್ಲ, ವ್ಯಾಟ್ ನೋಡ್ರಿ, 600 ವಿಎ ಅಂತ ಬರದದ್ದು ಸಾಮಾನ್ಯವಾಗಿ 360 ವ್ಯಾಟಿನ ಆಸುಪಾಸು ಇರ್ತೈತಿ.

ಜುಮ್ ಅನ್ನೂದು ಮಾತ್ರ ಹಗುರ ತಿಳಕೋಬ್ಯಾಡ್ರಿ. ಪವರ್ ಸಪ್ಲೈಯೊಳಗ ಫಿಲ್ಟರ್ ಇರ್ತೈತಿ, ಅದರಿಂದ ಸ್ವಲ್ಪ ಕರೆಂಟ್ ಯಾವಾಗ್ಲೂ ಕ್ಯಾಬಿನೆಟ್ ತಗಡಿಗೆ ಬರ್ತೈತಿ, ಮೂರನೇ ಪಿನ್ ಮುಖಾಂತರ ಅದು ನೆಲಕ್ಕ ಹೋಗಬೇಕು. ನಿಮ್ಮ ಸಾಕೆಟ್‌ದಾಗ ಅರ್ಥಿಂಗ್ ಇಲ್ಲ ಅಥವಾ ಎಲ್ಲೋ ಕಟ್ ಆಗೇತಿ, ಅದಕ್ಕ ನೀವು ಮುಟ್ಟಿದಾಗ ನಿಮ್ಮ ಮೈಯಿಂದ ಹೊಂಟೈತಿ. ಮನಿ ಮಾಲಕರಿಗೆ ಇವತ್ತ ಹೇಳಿ ಎಲೆಕ್ಟ್ರಿಶಿಯನ್ ಕರೆಸ್ರಿ, ಮೂರು ಪಿನ್ನಿನ ಎಕ್ಸ್‌ಟೆನ್ಶನ್ ಬೋರ್ಡನ್ನ ಎರಡು ಪಿನ್ನಿಗೆ ಹಚ್ಚಿದ್ರ ಅದನ್ನ ಮೊದಲ ತಗೀರಿ. ಅರ್ಥಿಂಗ್ ಸರಿ ಆಗೂತನಕ ಪ್ಲಗ್ ತಗದ ಇಡ್ರಿ, ಬರಿಗಾಲಿಲೆ ನಿಂತು ಕ್ಯಾಬಿನೆಟ್ ಅಂತೂ ಮುಟ್ಟಬ್ಯಾಡ್ರಿ.