ಗೋಡೆಯಾಚೆ ಜೆಸಿಬಿ, ಗೋಡೆಯೀಚೆ ಅಪ್ಪ

(ಕಟ್ಟಡ ಕಾಮಗಾರಿಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಿಗೆ ಧಾರವಾಡದಲ್ಲಿ ನೆಲೆಸಿರುವ, ಲೋಕೋಪಯೋಗಿ ಇಲಾಖೆಯ ನಿವೃತ್ತ ಇಂಜಿನಿಯರ್ ಒಬ್ಬರು ಉತ್ತರಿಸುತ್ತಾರೆ.)

ಪ್ರಶ್ನೆ: ನನ್ನ ತಂದೆಗೆ ರಕ್ತದ ಕ್ಯಾನ್ಸರ್. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕೀಮೋಥೆರಪಿ ನಡೆಯುತ್ತಿದೆ. ವಾರ್ಡಿನ ಕಿಟಕಿಗೆ ಹತ್ತಿಕೊಂಡಂತೆ ಹೊಸ ಕಟ್ಟಡಕ್ಕೆ ಪಾಯ ತೋಡುತ್ತಿದ್ದಾರೆ. ಕಿಟಕಿಯ ಕಟ್ಟೆಯನ್ನು ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನದೊಳಗೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಗೋಡೆಯಲ್ಲಿ ಬಿರುಕೂ ಕಾಣುತ್ತಿದೆ. ಕೇಳಿದರೆ ‘ಕಾಮಗಾರಿ ಅಂದಮೇಲೆ ಧೂಳು ಇದ್ದದ್ದೇ’ ಎನ್ನುತ್ತಾರೆ. ಊರ ಹೊರಗೆ ಜಾಗವಿರುವಾಗ ರೋಗಿಗಳ ನಡುವೆಯೇ ಕಟ್ಟಬೇಕೇ ಸರ್?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ತಂಗಿ, ಮೊದಲು ಧೂಳಿನ ವಿಚಾರ. ಬಿರುಕು ನಾಲ್ಕು ದಿನ ಕಾಯುತ್ತದೆ, ಧೂಳು ಕಾಯುವುದಿಲ್ಲ. ‘ಇದ್ದದ್ದೇ’ ಎಂಬ ಮಾತನ್ನು ಮನೆ ಕಟ್ಟಿಸುವವರಿಗೆ ಹೇಳಲಿ. ಅಗೆದ ಮಣ್ಣಿನಲ್ಲಿ, ಒಡೆದ ಹಳೆಯ ಗಾರೆಯಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣಗಳಿರುತ್ತವೆ. ಗಾತ್ರ 2ರಿಂದ 3 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡು ಮೂರು ಪಾಲು. ನೀವೂ ನಾನೂ ದಿನವೂ ಅವನ್ನು ಉಸಿರಾಡಿ ಅರಗಿಸಿಕೊಳ್ಳುತ್ತೇವೆ. ಆದರೆ ಕೀಮೋದಿಂದ ಬಿಳಿ ರಕ್ತಕಣ ಕುಸಿದವರು, ಅಂಗಾಂಗ ಕಸಿಯಾದವರು, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ಶ್ವಾಸಕೋಶದಲ್ಲಿ ಅದು ಬೇರು ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಆದ್ದರಿಂದ ಗುತ್ತಿಗೆದಾರನ ಜೊತೆ ಜಗಳಕ್ಕೆ ನಿಲ್ಲಬೇಡಿ, ಅವನಿಗೆ ಈ ಭಾಷೆ ತಿಳಿಯದು. ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣ ಸಮಿತಿ ಇರಬೇಕು, ಅದಕ್ಕೊಬ್ಬ ನರ್ಸ್ ಇರುತ್ತಾರೆ. ಅವರನ್ನು ಹುಡುಕಿ, ವೈದ್ಯಕೀಯ ಅಧೀಕ್ಷಕರಿಗೆ ಒಂದು ಅರ್ಜಿಯನ್ನೂ ಬರೆಯಿರಿ. ಅಪ್ಪನ ಹಾಸಿಗೆಯನ್ನು ಗುಂಡಿಯಿಂದ ದೂರದ ವಾರ್ಡಿಗೆ ಬದಲಿಸಲು ಕೇಳಿ. ಆಗದಿದ್ದರೆ ಆ ಬದಿಯ ಕಿಟಕಿಗಳನ್ನು ಪ್ಲಾಸ್ಟಿಕ್ ಹಾಳೆ, ಟೇಪು ಹಾಕಿ ಪೂರಾ ಮುಚ್ಚಿಸಲಿ. ಹೊರಗಿನ ಗಾಳಿ ಎಳೆಯುವ ಏಸಿ ಬಾಯಿ ಗುಂಡಿಯ ಕಡೆಗೆ ತೆರೆದಿದೆಯೇ ಎಂದು ನೋಡಲಿ. ಇಂಥ ವಾರ್ಡಿಗೆ ಹೆಪಾ ಫಿಲ್ಟರ್ ಇದ್ದರೆ ಒಳ್ಳೆಯದು, 0.3 ಮೈಕ್ರಾನಿನ ಕಣಗಳಲ್ಲೂ ಶೇ 99.97ರಷ್ಟನ್ನು ಅದು ಹಿಡಿಯುತ್ತದೆ. ಸೆಂಟ್ರಿಂಗಿಗೆ ಸುತ್ತುವ ಹಸಿರು ಬಲೆಯನ್ನು ತೋರಿಸಿ ‘ಎಲ್ಲ ಮಾಡಿದ್ದೇವೆ’ ಎಂದರೆ ನಂಬಬೇಡಿ. ಆ ಬಲೆ ಇಟ್ಟಿಗೆ ಚೂರನ್ನು ತಡೆಯುತ್ತದೆ, ಬೀಜಕಣಕ್ಕೆ ಅದು ತೆರೆದ ಅಗಸೆ ಬಾಗಿಲು. ಅಗೆಯುವಲ್ಲಿ ನೀರು ಚಿಮುಕಿಸಬೇಕು, ಟಿಪ್ಪರಿಗೆ ತಾಡಪತ್ರಿ ಬಿಗಿಯಬೇಕು, ವಾರ್ಡಿನಲ್ಲಿ ಕಸಬರಿಗೆ ಆಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ ಕಾಮಗಾರಿಯ ಬದಿಯ ದಾರಿ ಬೇಡ, ಎನ್-95 ಮಾಸ್ಕ್ ಹಾಕಬಹುದೇ ಎಂದು ವೈದ್ಯರನ್ನು ಕೇಳಿ. ಜ್ವರವೋ ಕೆಮ್ಮೋ ಬಂದರೆ ಅಂದೇ ಹೇಳಿ.

ಇನ್ನು ಬಿರುಕು. ಹುಬ್ಬಳ್ಳಿಯಿಂದ ಗದಗದವರೆಗೆ ಬಹುಪಾಲು ಎರೆಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುವ ನೆಲ, ಪಕ್ಕದಲ್ಲಿ ಗುಂಡಿ ತೋಡದಿದ್ದರೂ ಗೋಡೆ ಸೀಳಿಸುತ್ತದೆ. ಹಾಗಾಗಿ ಬಿರುಕು ಹಳೆಯದೂ ಇರಬಹುದು. ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ನಾವು ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸುತ್ತಿದ್ದೆವು. ಗೋಡೆ ಕದಲಿದರೆ ಗಾಜು ಚಟ್ಟನೆ ಒಡೆಯುತ್ತದೆ, ಮತ್ತೆ ವಾದಕ್ಕೆ ಎಡೆಯಿಲ್ಲ. ಹಳೆಯ ಗೋಡೆಯ ಬುಡದಲ್ಲೇ ಆಳದ ಗುಂಡಿ ಆಧಾರವಿಲ್ಲದೆ ನೆಟ್ಟಗೆ ನಿಂತಿದ್ದು, ಅದರಲ್ಲಿ ಮಳೆನೀರೂ ನಿಂತಿದ್ದರೆ ಇಂಜಿನಿಯರನ್ನು ಅಂದೇ ಕರೆಸಬೇಕು.

ಊರ ಹೊರಗೆ ಏಕಿಲ್ಲ ಎಂದಿರಿ. ಶಸ್ತ್ರಚಿಕಿತ್ಸಾ ಕೊಠಡಿ, ರಕ್ತನಿಧಿ, ಪ್ರಯೋಗಾಲಯ, ದ್ರವ ಆಮ್ಲಜನಕದ ಟ್ಯಾಂಕ್ ಇರುವ ಕಡೆಯೇ ಹಾಸಿಗೆಗಳೂ ಇರಬೇಕು. ಇಲ್ಲವಾದರೆ ಎಲ್ಲವನ್ನೂ ಎರಡೆರಡು ಕಟ್ಟಬೇಕು. ನಾವು ಕಿಮ್ಸ್ ಎನ್ನುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 1957ರಲ್ಲಿ, ಅದರ ಆಸ್ಪತ್ರೆ ಆವರಣ ಅಂದಿನಿಂದ ಒಂದೊಂದೇ ಕಟ್ಟಡ ಸೇರುತ್ತ ಬೆಳೆಯಿತು. ಇಂದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಅದರ ಮುಂದೆಯೇ ನಿಲ್ಲುತ್ತದೆ. ನವಲಗುಂದದ ಅಜ್ಜಿಗೆ ಆ ನಿಲ್ದಾಣ ತಪ್ಪಿಸಿ ಬೈಪಾಸಿನಾಚೆಯ ಹೊಲ ತೋರಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಇದ್ದ ಜಾಗದಲ್ಲೇ ಕಟ್ಟಲಿ, ಆದರೆ ವಾರ್ಡಿನ ವೇಳಾಪಟ್ಟಿಗೆ ಗುತ್ತಿಗೆದಾರ ತಗ್ಗಬೇಕು.

ಪ್ರಶ್ನೆ: ಹೊಸ ಬ್ಲಾಕಿಗೆ ಅಗೆಯುವಾಗ ಜೆಸಿಬಿ ನೀರಿನ ಪೈಪು ಒಡೆಯಿತು. ದುರಸ್ತಿಯಾದ ಮೇಲೆ ಕೆಂಪು ನೀರು ಬಂದು ಈಗ ತಿಳಿಯಾಗಿದೆ. ಬಳಸಬಹುದೇ?
– ಸ್ಟಾಫ್ ನರ್ಸ್, ಗದಗ

ಉತ್ತರ: ಸಿಸ್ಟರ್, ತಿಳಿಯಾದದ್ದೆಲ್ಲ ಶುದ್ಧವಲ್ಲ. ತುದಿಯ ನಲ್ಲಿಗಳನ್ನೂ ಬಿಡದೆ ಎಲ್ಲವನ್ನೂ ತೆರೆದು ನೀರು ಹರಿಸಿ, ಕ್ಲೋರಿನ್ ನೋಡಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ಡಯಾಲಿಸಿಸ್ ಘಟಕದವರಿಗೆ ಮೊದಲೇ ಸುದ್ದಿ ಮುಟ್ಟಿಸಿ. ಬಳಕೆಯಿಲ್ಲದೆ ಬಿದ್ದಿರುವ ಶವರ್, ಗೀಸರ್ ಪೈಪುಗಳ ಮೇಲೆ ಕಣ್ಣಿರಲಿ. ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆದು ನ್ಯುಮೋನಿಯಾ ತರುತ್ತದೆ, 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಕಾಣಿಸಿಕೊಂಡದ್ದು ಅದೇ. ಮತ್ತೊಂದು ಮಾತು: ಇಂದು ನೀರಿನ ಪೈಪು ಒಡೆದವನು ನಾಳೆ ಆಕ್ಸಿಜನ್ ಲೈನಿಗೂ ಕೈ ಹಾಕುತ್ತಾನೆ. ಹಳೆಯ ನಕ್ಷೆಗೂ ನೆಲದಡಿ ಇರುವುದಕ್ಕೂ ತಾಳೆಯಾಗುವುದೇ ಅಪರೂಪ. ಯಂತ್ರ ಇಳಿಸುವ ಮುನ್ನ ಗುದ್ದಲಿ ಸಲಿಕೆಯಲ್ಲಿ ಪರೀಕ್ಷಾ ಗುಂಡಿ ತೋಡಿ ಪೈಪುಗಳನ್ನು ಕಣ್ಣಾರೆ ನೋಡಿಸಬೇಕು. ಲೈನು ಬಂದ್ ಮಾಡುವ ದಿನ ತೀವ್ರ ನಿಗಾ ಘಟಕದಲ್ಲಿ ತುಂಬಿದ ಸಿಲಿಂಡರುಗಳಿರಬೇಕು. ‘ಹತ್ತೇ ನಿಮಿಷ’ ಎಂದು ಬಾಯಿಮಾತಿನಲ್ಲಿ ಹೇಳಿ ವಾಲ್ವ್ ತಿರುಗಿಸಲು ಯಾರಿಗೂ ಬಿಡಬೇಡಿ, ಬರಹದಲ್ಲಿ ಅನುಮತಿ ಕೇಳಿ.

ಪ್ರಶ್ನೆ: ಆಸ್ಪತ್ರೆ ಆವರಣದಲ್ಲಿ ರಾತ್ರಿಯೂ ಕಾಂಕ್ರೀಟ್ ಕೆಲಸ. ಇದಕ್ಕೆ ಕಾನೂನಿಲ್ಲವೇ?
– ಔಷಧ ವ್ಯಾಪಾರಿ, ಹಾವೇರಿ

ಉತ್ತರ: ಇದೆ. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯಕ್ಕೆ ಮಿತಿ ಹಗಲು 50, ರಾತ್ರಿ 40 ಡೆಸಿಬಲ್. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಸ್ಲ್ಯಾಬ್ ಸುರಿಯಲು ಶುರು ಮಾಡಿದರೆ ನಡುವೆ ನಿಲ್ಲಿಸುವುದು ಕಷ್ಟ, ಹಳೆಯ ಕಾಂಕ್ರೀಟಿಗೆ ಹೊಸದು ಸರಿಯಾಗಿ ಬೆಸೆಯುವುದಿಲ್ಲ ಎಂಬುದು ನಿಜ. ಹಾಗಿದ್ದರೆ ಬೆಳಿಗ್ಗೆ ಆರಕ್ಕೆ ಶುರು ಮಾಡಲಿ! ಹನ್ನೊಂದಕ್ಕೆ ಚಹಾ ಕುಡಿದು ಮಿಕ್ಸರ್ ತರಿಸುವವರ ನೆಪ ಇದು.

ಪ್ರಶ್ನೆ: ನಮ್ಮೂರ ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟನೆಯಾಗಿ ತಿಂಗಳುಗಳಾದರೂ ಬೀಗ ತೆಗೆದಿಲ್ಲ. ಏಕೆ?
– ಓದುಗ, ಶಿಗ್ಗಾವಿ

ಉತ್ತರ: ಕೆಲವು ಕಾರಣಗಳು ಸರಿಯಾದವು. ಪ್ರತಿ ಹಾಸಿಗೆಯ ಆಕ್ಸಿಜನ್ ಬಾಯಿಯಿಂದ ಆಕ್ಸಿಜನ್ನೇ ಬರುತ್ತಿದೆ, ಬೇರೆ ಅನಿಲವಲ್ಲ ಎಂದು ಮಾಪಕ ಹಿಡಿದು ನೋಡಬೇಕು, ಲಿಫ್ಟ್ ತಪಾಸಣೆಯಾಗಬೇಕು. ಇದಕ್ಕೆ ಕೆಲವು ವಾರ ಸಾಕು. ಅದಕ್ಕೂ ಮೀರಿದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಮೂರು ಸಂಗತಿ ಕೇಳಿ: ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ಪ್ರತಿ, ಹೆಸ್ಕಾಂ ವಿದ್ಯುತ್ ಸಂಪರ್ಕ ಕೊಟ್ಟ ದಿನಾಂಕ, ಹೊಸ ವಾರ್ಡುಗಳಿಗೆ ಮಂಜೂರಾದ ನರ್ಸ್ ಹುದ್ದೆಗಳ ಸಂಖ್ಯೆ. ಉತ್ತರ ಕೊಡಲು ಅವರಿಗೆ 30 ದಿನಗಳ ಗಡುವಿದೆ.