ಓ2 ಹಾಕಿದ ಕೂಡಲೇ ನನ್ನ ಕರ್ನಲ್ ನಿಂತುಬಿಡುತ್ತದೆ, ಯಾಕೆ?

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗಾಗಿ ಸಿ ಭಾಷೆಯಲ್ಲಿ 64 ಬಿಟ್‌ನ ಪುಟ್ಟ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್, ಅಂದರೆ ಅದರ ತಿರುಳು ಭಾಗ, ಬರೆಯುತ್ತಿದ್ದೇನೆ. ಜಿಸಿಸಿ ಕಂಪೈಲರ್‌ನಲ್ಲಿ ಓ0 (ಆಪ್ಟಿಮೈಸೇಷನ್ ಇಲ್ಲದ ಮಟ್ಟ; ಓ2, ಓ3 ಅಂದರೆ ಕೋಡನ್ನು ಚುರುಕುಗೊಳಿಸಲು ಹೆಚ್ಚೆಚ್ಚು ಬದಲಿಸುವ ಮಟ್ಟಗಳು) ಇಟ್ಟು ಕಂಪೈಲ್ ಮಾಡಿದರೆ ಚೆನ್ನಾಗಿ ಬೂಟ್ ಆಗುತ್ತದೆ. ಓ2 ಹಾಕಿದರೆ ಟೈಮರ್‌ಗೆ ಕಾಯುವ ಜಾಗದಲ್ಲಿ ನಿಂತುಬಿಡುತ್ತದೆ. ಓ3 ಹಾಕಿದರೆ ಅಷ್ಟು ದೂರವೂ ಹೋಗದೆ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಇದು ಕಂಪೈಲರ್ ತಪ್ಪು, ಓ0ನಲ್ಲೇ ಬಿಟ್ಟುಬಿಡು ಅಂತಾರೆ ಗೆಳೆಯರು. ಹೌದಾ?
– ಓದುಗರು, ದಾವಣಗೆರೆ

ಉತ್ತರ: ಹಾಗೆ ಬಿಡಬೇಡಿ. ತಪ್ಪು ನಿಮ್ಮ ಕೋಡಿನಲ್ಲಿ ಮೊದಲೇ ಇತ್ತು, ಓ0ನಲ್ಲಿ ಕಾಣಿಸುತ್ತಿರಲಿಲ್ಲ, ಅಷ್ಟೇ.

ಟೈಮರ್ ವಿಷಯ ನೋಡಿ. ಇಂಟರಪ್ಟ್ (ಪ್ರೊಸೆಸರ್‌ನ ಕೆಲಸ ತಡೆದು ಸಾಧನ ಕೊಡುವ ಸೂಚನೆ) ಬಂದಾಗಲೆಲ್ಲ ಒಂದು ಎಣಿಕೆ ಹೆಚ್ಚುತ್ತದೆ, ಅದು ಇಷ್ಟಾಗುವ ತನಕ ಖಾಲಿ ಲೂಪ್‌ನಲ್ಲಿ ಕಾಯಿ ಅಂತ ನೀವು ಬರೆದಿರುತ್ತೀರಿ, ಅಲ್ವಾ? ಕಂಪೈಲರ್ ಆ ಲೂಪನ್ನು ನೋಡುತ್ತದೆ. ಒಳಗೆ ಯಾರೂ ಎಣಿಕೆಯನ್ನು ಮುಟ್ಟುತ್ತಿಲ್ಲ. ಹಾಗಾಗಿ ಒಂದೇ ಸಲ ಓದಿ, ರಿಜಿಸ್ಟರ್‌ನಲ್ಲಿಟ್ಟುಕೊಂಡು, ಅದನ್ನೇ ಕೊನೆಯಿಲ್ಲದೆ ಹೋಲಿಸುತ್ತಾ ಕೂರುತ್ತದೆ. ಇಂಟರಪ್ಟ್ ಅನ್ನೋದೊಂದು ಹೊರಗಿನಿಂದ ಬಂದು ಮೆಮೊರಿ ಬದಲಿಸುತ್ತದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಆ ವೇರಿಯಬಲ್‌ಗೆ ವೊಲಟೈಲ್ ಹಾಕಿ, ಪ್ರತಿ ಸಲ ಮೆಮೊರಿಯಿಂದಲೇ ಓದು ಅಂತ ಅದು ಕಂಪೈಲರ್‌ಗೆ ಹೇಳುತ್ತದೆ. ಸಾಧನಗಳ ರಿಜಿಸ್ಟರ್‌ಗಳನ್ನು ಓದುವ ಕಡೆಯೂ ಹಾಕಿ. ಆದರೆ ಎರಡು ಕೋರ್‌ಗಳು ಒಂದೇ ಡೇಟಾವನ್ನು ಮುಟ್ಟುವಾಗ ವೊಲಟೈಲ್ ಸಾಲದು, ಅಲ್ಲಿ ಲಾಕ್ ಅಥವಾ ಅಟಾಮಿಕ್ (ನಡುವೆ ಯಾರೂ ತಲೆಹಾಕಲಾಗದ) ಕಾರ್ಯ ಬೇಕೇ ಬೇಕು.

ಓ3ನಲ್ಲಿ ಆಗುತ್ತಿರುವುದು ಹೆಚ್ಚಾಗಿ ಬೇರೆ, ಅದರಲ್ಲೂ ನಿಮ್ಮದು 10ಕ್ಕಿಂತ ಹಳೆಯ ಜಿಸಿಸಿ ಆಗಿದ್ದರೆ. ಮೆಮೊರಿಯನ್ನು ಒಂದೇ ಬೆಲೆಯಿಂದ ತುಂಬುವ ಮೆಮ್‌ಸೆಟ್ ಫಂಕ್ಷನನ್ನು ನೀವೇ ಬರೆದಿದ್ದೀರಿ ಅಂದುಕೊಳ್ಳುತ್ತೇನೆ. ಬೈಟ್ ಬೈಟಾಗಿ ತುಂಬುವ ಆ ಲೂಪನ್ನು ನೋಡಿದ ಜಿಸಿಸಿ, ಓ ಇದು ಮೆಮ್‌ಸೆಟ್ ಕೆಲಸ ಅಂತ ಗುರುತಿಸಿ ಆ ಜಾಗದಲ್ಲಿ ಮೆಮ್‌ಸೆಟ್‌ಗೇ ಕರೆ ಹಾಕಬಹುದು. ಆಗ ಫಂಕ್ಷನ್ ತನ್ನನ್ನೇ ಕರೆಯುತ್ತಾ ಹೋಗಿ ಸ್ಟ್ಯಾಕ್ (ಫಂಕ್ಷನ್ ಕರೆಗಳಿಗೆ ಮೀಸಲಿಟ್ಟ ಮೆಮೊರಿ) ಮುಗಿದು ಯಂತ್ರ ರೀಸ್ಟಾರ್ಟ್ ಆಗುತ್ತದೆ. ಇದು ಆಪರೇಟಿಂಗ್ ಸಿಸ್ಟಮ್‌ನ ನೆರವಿಲ್ಲದೆ ಓಡುವ ಕೋಡ್ ಅಂತ ಹೇಳುವ ಫ್ರೀಸ್ಟ್ಯಾಂಡಿಂಗ್ ಫ್ಲ್ಯಾಗ್ ಒಂದನ್ನೇ ನಂಬಬೇಡಿ. ಆ ಫೈಲಿಗೆ, ಲೂಪನ್ನು ಹೀಗೆ ಬದಲಿಸಬೇಡ ಅನ್ನುವ ‘ನೋ ಟ್ರೀ ಲೂಪ್ ಡಿಸ್ಟ್ರಿಬ್ಯೂಟ್ ಪ್ಯಾಟರ್ನ್ಸ್’ ಕೂಡ ಕೊಡಿ.

ನೀವು ಕೇಳದ ಇನ್ನೊಂದು ಮಾತು, ಯಾಕಂದರೆ ಇದರಲ್ಲಿ ನಾನೂ ದಿನಗಟ್ಟಲೆ ಒದ್ದಾಡಿದ್ದೇನೆ. 64 ಬಿಟ್ ಇಂಟೆಲ್ ಯಂತ್ರದ ಮೇಲೆ ಜಿಸಿಸಿ, ಸ್ಟ್ಯಾಕ್‌ನ ತುದಿ ತೋರಿಸುವ ಸ್ಟ್ಯಾಕ್ ಪಾಯಿಂಟರ್‌ನ ಕೆಳಗಿನ 128 ಬೈಟ್‌ಗಳನ್ನು ಪಾಯಿಂಟರ್ ಸರಿಸದೆಯೇ ಬಳಸಿಕೊಳ್ಳುತ್ತದೆ. ರೆಡ್ ಝೋನ್ ಅನ್ನುತ್ತಾರೆ. ಕರ್ನಲ್ ಒಳಗೆ ಇಂಟರಪ್ಟ್ ಬಂದರೆ ಪ್ರೊಸೆಸರ್ ತನ್ನ ಡೇಟಾವನ್ನು ಅದೇ ಜಾಗಕ್ಕೆ ತಳ್ಳುತ್ತದೆ. ಲೋಕಲ್ ವೇರಿಯಬಲ್ ಹಾಳು. ಅದೂ ಯಾವಾಗಲೋ ಒಮ್ಮೆ, ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ. ‘ನೋ ರೆಡ್ ಝೋನ್’ ಫ್ಲ್ಯಾಗ್ ಇವತ್ತೇ ಹಾಕಿ.

ಇಂಥದ್ದು ಕಲಿಯುವವರಿಗೆ ಮಾತ್ರ ಆಗುವುದಲ್ಲ. 2009ರಲ್ಲಿ ಲಿನಕ್ಸ್ 2.6.30ರ ಟನ್ ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ ಒಂದು ಪಾಯಿಂಟರನ್ನು (ಮೆಮೊರಿ ವಿಳಾಸವನ್ನು) ಮೊದಲು ಬಳಸಿ, ಆಮೇಲೆ ಅದು ನಲ್ಲಾ (ಸೊನ್ನೆಯ ವಿಳಾಸವಾ) ಅಂತ ನೋಡಿದ್ದರು. ಮೊದಲೇ ಬಳಸಿದ್ದಾರೆ ಅಂದಮೇಲೆ ನಲ್ ಆಗಿರಲು ಸಾಧ್ಯವಿಲ್ಲ ಅಂತ ಜಿಸಿಸಿ ಆ ಪರೀಕ್ಷೆಯನ್ನೇ ತೆಗೆದುಹಾಕಿತು. ಸಿ ಭಾಷೆಯ ನಿಯಮದ ಪ್ರಕಾರ ಅದು ಸರಿ. ಆದರೆ ಸಾಮಾನ್ಯ ಪ್ರೋಗ್ರಾಂ ಆದರೆ ಅಲ್ಲೇ ಕ್ರ್ಯಾಶ್ ಆಗಿ ನಿಲ್ಲುತ್ತಿತ್ತು, ಕರ್ನಲ್‌ನಲ್ಲಿ ಸೊನ್ನೆಯ ವಿಳಾಸಕ್ಕೆ ಮೆಮೊರಿ ಜೋಡಿಸಿಕೊಂಡವರು ಇಡೀ ಯಂತ್ರವನ್ನೇ ಕೈಗೆ ತೆಗೆದುಕೊಳ್ಳಬಹುದಿತ್ತು. ಓದಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ಆಮೇಲೆ ಕೋಡನ್ನೂ ತಿದ್ದಿದರು, ನಲ್ ಪರೀಕ್ಷೆ ಅಳಿಸಬೇಡ ಅನ್ನುವ ಫ್ಲ್ಯಾಗನ್ನೂ ಸೇರಿಸಿದರು.

ಇನ್ನೂ ತಪ್ಪು ಸಿಗದಿದ್ದರೆ ಅರ್ಧ ಫೈಲುಗಳನ್ನು ಓ0ನಲ್ಲಿ, ಅರ್ಧವನ್ನು ಓ2ನಲ್ಲಿ ಕಂಪೈಲ್ ಮಾಡಿ ನೋಡಿ. ಕೆಡುವ ಅರ್ಧವನ್ನು ಮತ್ತೆ ಅರ್ಧ ಮಾಡಿ. ಒಂದೇ ಫೈಲ್ ಉಳಿದಾಗ ಆಬ್ಜ್‌ಡಂಪ್ ಎಂಬ ಟೂಲ್‌ನಲ್ಲಿ ಅದರ ಅಸೆಂಬ್ಲಿ ಓದಿ.

ಪ್ರಶ್ನೆ: ಲಿನಕ್ಸ್ ಕರ್ನಲನ್ನು ಓ3ನಲ್ಲಿ ಕಟ್ಟಿದರೆ ನನ್ನ ಹಳೆ ಲ್ಯಾಪ್‌ಟಾಪ್ ಫಾಸ್ಟ್ ಆಗುತ್ತಾ?
– ಓದುಗರು, ಶಿರಸಿ

ಉತ್ತರ: ಅದನ್ನು ನೆಚ್ಚಿಕೊಳ್ಳಬೇಡಿ. ಲಿನಕ್ಸ್ ಸುಮ್ನೆ ಓ2ನಲ್ಲಿ ಕೂತಿಲ್ಲ. 2022ರಲ್ಲಿ ಓ3 ಆಯ್ಕೆಯನ್ನು ಎಲ್ಲರಿಗೂ ಕೊಡೋಣ ಅಂತ ಸಲಹೆ ಬಂದಾಗ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಒಪ್ಪಲಿಲ್ಲ. ಓ2ಗಿಂತ ಕೆಟ್ಟ ಕೋಡ್ ಕೊಟ್ಟ ಇತಿಹಾಸ ಓ3ಗೆ ಇದೆ ಅನ್ನುವುದು ಅವರ ವಾದ. ಲೂಪ್‌ಗಳನ್ನು ಬಿಚ್ಚಿ, ಫಂಕ್ಷನ್‌ಗಳನ್ನು ಒಳಗೇ ತುಂಬಿಸಿದಷ್ಟೂ ಕೋಡು ಉಬ್ಬುತ್ತದೆ. ಹಳೆ ಪ್ರೊಸೆಸರ್‌ನ ಚಿಕ್ಕ ಕ್ಯಾಶ್‌ಗೆ (ವೇಗದ ಒಳ ಮೆಮೊರಿಗೆ) ಅದೇ ಹೊರೆ. ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ, ವ್ಯತ್ಯಾಸ ಮೊದಲ ಬೂಟ್‌ನಲ್ಲೇ ಗೊತ್ತಾಗುತ್ತದೆ.